ಗ್ಯಾಪ್ ಇಲ್ಲದ ಮನುಷ್ಯ

ಅರ್ಧ ಇಂಚಿನ ಒಂದು ಡಜನ್ ನಟ್ಟು, ಅದಕ್ಕೆ ತಕ್ಕ ವಾಷರು, ಇಷ್ಟನ್ನು ಸುರಿದು ಪೊಟ್ಟಣ ಕಟ್ಟುವುದಕ್ಕೆ ಎ-ಫೋರ್ ಹಾಳೆಯಷ್ಟು ಹದವಾದ ಕಾಗದ ಮತ್ತೊಂದಿಲ್ಲ. ಪತ್ರಿಕೆಯ ಹಾಳೆ ಗ್ರೀಸು ಕುಡಿದು, ಗಿರಾಕಿ ಮನೆ ಮುಟ್ಟುವ ಮೊದಲೇ ಹರಿಯುತ್ತದೆ. ಹಾಗಾಗಿ ಹೊನ್ನಾವರದ ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯವನ ಜೊತೆ ನಾನೊಂದು ಕರಾರು ಮಾಡಿಕೊಂಡಿದ್ದೇನೆ: ಶಾಯಿ ಹರಡಿದ, ಸೊಟ್ಟ ಬಿದ್ದ, ಒಂದು ಪ್ರತಿ ಹೆಚ್ಚಾದ ಹಾಳೆಗಳೆಲ್ಲ ವಾರಕ್ಕೊಮ್ಮೆ ನನಗೆ, ಅವನ ಮನೆಯ ಬಾವಿಯ ಪಂಪು ಕೆಟ್ಟರೆ ರಿಪೇರಿ ನನ್ನದು. ನನ್ನದು ಹಳೆಯ ಬೋಟಿನ ಎಂಜಿನ್ನು, ಪಂಪು, ವಾಲ್ವುಗಳ ವ್ಯಾಪಾರ. ಸೈಕಲ್ಲಿನ ಕ್ಯಾರಿಯರಿಗೆ ಗೋಣಿ ಕಟ್ಟಿಕೊಂಡು ಮನೆಮನೆಯ ಮೋಡಕಾ, ಅಂದರೆ ಗುಜರಿ ಸಾಮಾನು, ಎತ್ತುತ್ತ ಶುರುಮಾಡಿದವನು ನಾನು. ಹಾಳೆಗೂ ಚೌಕಾಸಿ ಮಾಡದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಆ ಹಾಳೆಗಳಲ್ಲಿ ಪಹಣಿ ಇರುತ್ತದೆ, ಆಧಾರ್ ಕಾರ್ಡು ಇರುತ್ತದೆ, ಮದುವೆಯ ಜಾತಕವೂ ಇರುತ್ತದೆ. ಆದರೆ ಹತ್ತು ಹಾಳೆ ಎತ್ತಿದರೆ ನಾಲ್ಕಾದರೂ ಇಂಜಿನಿಯರಿಂಗ್ ಮುಗಿಸಿದ ಮಕ್ಕಳ ರೆಸ್ಯೂಮೆ. ನಾನು ಓದಿದ್ದು ಏಳನೆಯ ಇಯತ್ತೆ. ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಅವನ್ನು ಓದುತ್ತ ಓದುತ್ತ ಇಂಗ್ಲಿಷು ಒಂದು ಹದಕ್ಕೆ ಬಂತು. ಅದರ ಬೆನ್ನಿಗೆ, ಯಾವ ಬ್ರಾಂಚಿಗೆ ಎಷ್ಟು ಬೆಲೆ, ಯಾವ ಕಂಪನಿ ಮೊದಲ ವರ್ಷ ಬೆವರಿಳಿಸಿ ಎರಡನೆಯ ವರ್ಷ ಕೈಬಿಡುತ್ತದೆ, ಸಂಬಳದ ಮಾತು ಬಂದಾಗ ಬಾಯಿ ಯಾವಾಗ ಮುಚ್ಚಬೇಕು ಎಂಬ ವಿದ್ಯೆಯೂ ಬಂತು. ಈಗ ಕುಮಟೆಯಿಂದ ಭಟ್ಕಳದವರೆಗಿನ ಮಕ್ಕಳು ಇಂಟರ್‌ವ್ಯೂದ ಮುನ್ನಾದಿನ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೋಗುತ್ತಾರೆ. ನಿಮಗೂ ಹೇಳಿಬಿಡುತ್ತೇನೆ ಸ್ನೇಹಿತರೇ, ಪುಕ್ಕಟೆ ಸಲಹೆ: ಬೆಲೆಯನ್ನು ಮೊದಲು ನೀವು ಹೇಳಬೇಡಿ. ಅವರು ಸುಮ್ಮನಾದರೆ ನೀವೂ ಸುಮ್ಮನಾಗಿ. ಮೌನವನ್ನು ತಡೆಯಲಾರದವನೇ ಕೊನೆಗೆ ಹೆಚ್ಚು ಕೊಡುತ್ತಾನೆ. ಈ ಮಾತಿನ ಬಲದಿಂದಲೇ ನಾನು ಮನೆ ಕಟ್ಟಿದ್ದು.

ಇಷ್ಟು ರೆಸ್ಯೂಮೆ ಓದಿದ ಮೇಲೆ ನನಗೆ ಹೊಳೆದ ಒಂದು ಸಂಗತಿಯಿದೆ. ಹಾಳೆಯ ಮೇಲಿರುವ ಮನುಷ್ಯ ಬೇರೆ, ಹಾಳೆಯನ್ನು ಕೊಟ್ಟ ಮನುಷ್ಯ ಬೇರೆ. ಕಾಯ್ಕಿಣಿಯ ಒಬ್ಬ ಸಿವಿಲ್ ಇಂಜಿನಿಯರ್ ಈಗ ಅಲ್ಯೂಮಿನಿಯಂ ಕಿಟಕಿಯ ಅಳತೆ ತೆಗೆಯುತ್ತ ಸುಖವಾಗಿದ್ದಾನೆ. ಹಾಳೆಯ ಮೇಲಿನ ಅವನು ಮಾತ್ರ ಇನ್ನೂ ಸೇತುವೆಯ ಭಾರ ಲೆಕ್ಕ ಹಾಕುತ್ತಲೇ ಇದ್ದಾನೆ. ಹಿರೇಗುತ್ತಿಯ ಒಬ್ಬಳು ಕೆಮಿಕಲ್ ಓದಿ, ಸಿಗಡಿ ಕೆರೆಗಳ ನೀರನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷೆ ಮಾಡಿ ಕೊಡುತ್ತಾಳೆ. ಅವಳ ಹಾಳೆಯಲ್ಲಿ ರಿಫೈನರಿಯ ಕನಸು ದಪ್ಪಕ್ಷರದಲ್ಲಿ ನಿಂತಿದೆ. ಸೊಸೈಟಿಯ ಕೌಂಟರಿನಲ್ಲಿ ಕೂತು ಪಾಸ್‌ಬುಕ್ಕಿಗೆ ಠಸ್ಸೆ ಒತ್ತುವ ಎಲೆಕ್ಟ್ರಾನಿಕ್ಸ್ ಹುಡುಗನ ಹಾಳೆಯನ್ನು ನಾನೇ ಪೊಟ್ಟಣ ಕಟ್ಟಿದ್ದೇನೆ. ಇವರು ಯಾರೂ ಸೋತವರಲ್ಲ, ದುಡಿದು ತಿನ್ನುವವರು. ಆದರೆ ಮಕ್ಕಳು ಬೇರೆ ದಾರಿ ಹಿಡಿದ ಮೇಲೆ ಆ ಹಾಳೆಯವರು ಎಲ್ಲಿಗೆ ಹೋಗುತ್ತಾರೆ? ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡು, ನಗಲೋ ಬೇಡವೋ ಎಂಬಂಥ ಮುಖದಲ್ಲಿ, ಯಾರೋ ಹೆಸರು ಕೂಗಲಿ ಎಂದು ಕಾಯುತ್ತ ಯಾವ ಪಡಸಾಲೆಯಲ್ಲಿ ಕೂತಿರುತ್ತಾರೆ? ಇದನ್ನು ನಾನು ಗಿರಾಕಿಗಳ ಹತ್ತಿರ ತಮಾಷೆಗೆ ಹೇಳುತ್ತಿದ್ದೆ. ನನ್ನ ಅಕ್ಕನ ಮಗ ಮಂಜುವಿನ ಫೋನು ನನ್ನ ಅಂಗಡಿಯ ಗಲ್ಲೆಪೆಟ್ಟಿಗೆಯೊಳಗೆ ರಿಂಗಾದ ದಿನದಿಂದ ಹೇಳುವುದನ್ನು ಬಿಟ್ಟೆ.

ಅಕ್ಕನ ಮನೆ ಧಾರೇಶ್ವರದಲ್ಲಿ. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಇಬ್ಬರು ಮಕ್ಕಳು, ಇಬ್ಬರನ್ನೂ ಇಂಜಿನಿಯರಿಂಗಿಗೆ ಹಾಕಿಸಿದ್ದು ನಾನೇ. ಮಂಜುನಾಥನಿಗೆ ಮೆಕ್ಯಾನಿಕಲ್, ಅವನ ತಂಗಿ ನಾಗವೇಣಿಗೆ ಎಲೆಕ್ಟ್ರಿಕಲ್. ಮಂಜು ಪಾಸಾದವನು ಭಟ್ಕಳದ ಒಂದು ಐಸ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿ ಸೇರಿದ. ಮೀನಿಗೆ ಹಾಕುವ ಮಂಜುಗಡ್ಡೆ ಮಾಡುವುದಕ್ಕೆ ಬಿ.ಇ. ಬೇಕೇ ಎಂದು ಊರವರು ನಕ್ಕರು. ನಾನು ಹೇಳಿದೆ: "ನಗುವವ್ರಿಗೆ ನಗೂಕೆ ಬಿಡು. ಅಮೋನಿಯಾ ಕಂಪ್ರೆಸರ್ ಮೇಲೆ ಒಂದು ವರ್ಷ ಕೈಯಾಡಿಸು. ಆಮೇಲೆ ದೊಡ್ಡ ಕಂಪನಿಯವ್ರ ಹತ್ರ ಮಾತಾಡೂದು ಹೆಂಗೆ ಅಂತ ನಾ ಹೇಳಿಕೊಡ್ತೆ." ಅವನು ಹಾಗೆಯೇ ಮಾಡಿದ. ರಾತ್ರಿ ಊಟಕ್ಕೆ ಕೂತಾಗ ತಂಗಿಯ ಎದುರು ಆ ಕಂಪ್ರೆಸರಿನ ಕತೆಯೇ ಕತೆ. ಹನ್ನೊಂದು ತಿಂಗಳಾಗುವಷ್ಟರಲ್ಲಿ ಪಂಪು ತಯಾರಿಸುವ ಒಂದು ದೊಡ್ಡ ಕಂಪನಿಯಲ್ಲಿ ಎರಡು ಸುತ್ತಿನ ಇಂಟರ್‌ವ್ಯೂ ದಾಟಿ ಮೂರನೆಯದಕ್ಕೆ ಕಾಯುತ್ತಿದ್ದ. ಆ ಮಳೆಗಾಲದಲ್ಲಿ ಇಲಿಜ್ವರ ಬಂತು. ಎಂಟು ದಿನ. ಅಷ್ಟೇ.

ಹತ್ತನೆಯ ದಿನ ಧಾರೇಶ್ವರದ ಕಡಲಂಚಿನಲ್ಲಿ ಪಿಂಡವಿಟ್ಟೆವು. ತಂದೆಯಿಲ್ಲದ ಹುಡುಗ, ದರ್ಭೆ ಹಾಕಿಕೊಂಡವನು ನಾನು. ಪಿಂಡವಿಟ್ಟ ಮೇಲೆ ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಆಗ ಬಂಧುಗಳು ಒಬ್ಬೊಬ್ಬರಾಗಿ ನಿಂತು, ಇಂಥದ್ದನ್ನು ನಡೆಸಿಕೊಡುತ್ತೇವೆ ಎಂದು ಗಟ್ಟಿಯಾಗಿ ಮಾತು ಕೊಡಬೇಕು. ನಿಮ್ಮ ಕಡೆಯೂ ಇದೆಯಲ್ಲ ಈ ಪದ್ಧತಿ? ಗಾಳಿಮರದ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು. ಒಂದೂ ಕೆಳಗಿಳಿಯಲಿಲ್ಲ. ಮಳೆ ಬಿಟ್ಟಿತ್ತು; ಕಡಲು ಕೂಡ ದೂರ ಸರಿದುಕೊಂಡು ಸದ್ದಿಲ್ಲದೆ ನೋಡುತ್ತಿದ್ದ ಹಾಗಿತ್ತು.

"ವೇಣಿ ಮದುವೆ ಚಂದ ಮಾಡಿ ಮಾಡ್ತೆ ಮಗಾ," ಎಂದಳು ಅಕ್ಕ. ಕಾಗೆ ಕದಲಲಿಲ್ಲ. "ನಿನ್ನ ಆಯಿಗೆ ನಾವಿದ್ವೋ," ಎಂದರು ದಾಯಾದಿಗಳು. ಕದಲಲಿಲ್ಲ. ಅವನ ಬೈಕನ್ನು ಮಾರಲು ಬಿಡುವುದಿಲ್ಲ ಎಂದು ಗೆಳೆಯನೊಬ್ಬ ಹೇಳಿ ನೋಡಿದ. ಅರ್ಧ ಗಂಟೆಯಾಯಿತು. ಭಟ್ಟರು ನನ್ನ ಕಡೆ ತಿರುಗಿ, "ನೀವೇ ಏನಾರೂ ಮಾತಾಡಿ ಕಾಣಿ. ಮಾತಲ್ಲಿ ನಿಮ್ಮನ್ನ ಗೆದ್ದವರು ಯಾರಿದ್ದಾರೆ," ಎಂದರು.

ನಾನು ಮುಂದೆ ಹೋದೆ. ನನ್ನ ನಾಲಗೆ ಬಲ್ಲದ್ದು ಒಂದೇ ವಿದ್ಯೆ. "ಮಂಜು, ಆ ಕಂಪನಿ ಮಾತುಕತೆ ಅರ್ಧಕ್ಕೆ ನಿಂತದೆ ಅಂತ ಗೊತ್ತು. ಫೋನು ನನ್ನ ಹತ್ರ ಇಟ್ಕಳ್ತೆ. ನಿನ್ನ ನೌಕರಿ ನಾ ಮುಗಿಸಿಕೊಡ್ತೆ..."

ಮುಗಿಸಿಕೊಡ್ತೆ ಎಂಬುದು ಬಾಯಿಂದ ಪೂರ್ತಿ ಹೊರಬಿದ್ದಿರಲಿಲ್ಲ. ಕಾಗೆಯೊಂದು ನೇರ ಇಳಿದು ಬಾಳೆ ಎಲೆಗೆ ಕೊಕ್ಕು ಹಾಕಿತು.

ಎಲ್ಲರೂ ಉಸಿರು ಬಿಟ್ಟರು. ನಾನೂ ಬಿಟ್ಟೆ. ಆದರೆ ವ್ಯಾಪಾರಸ್ಥನಿಗೆ ಒಂದು ಒಳ ಅಂಜಿಕೆ ಇರುತ್ತದೆ: ಎದುರಿನವನು ತಕ್ಷಣ ಒಪ್ಪಿದರೆ, ಕೊಟ್ಟ ಮಾತು ಭಾರಿಯಾಯಿತು ಎಂದೇ ಲೆಕ್ಕ. ಸತ್ತವನಿಗೆ ನೌಕರಿ ಕೊಡಿಸುತ್ತೇನೆ ಎಂದು ನಾನು ಊರ ಮುಂದೆ ಒಪ್ಪಿಕೊಂಡಿದ್ದೆ. ಅದನ್ನು ತೀರಿಸುವ ದಾರಿ ಯಾವುದು? ದೂರದಲ್ಲಿ ಮರಕ್ಕೆ ಆತು ನಿಂತಿದ್ದ ವೇಣಿ ಕಾಗೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಫೋನನ್ನು ಚಾರ್ಜಿಗೆ ಹಾಕಿ ಗಲ್ಲೆಯಲ್ಲಿಟ್ಟೆ. ಆ ಪಂಪಿನ ಕಂಪನಿ ಮತ್ತೆಂದೂ ಫೋನ್ ಮಾಡಲಿಲ್ಲ. ಎಂಟು ತಿಂಗಳು ಬಿಟ್ಟು, ಒಂದು ಬಿಸಿಲ ಮಧ್ಯಾಹ್ನ, ಬೇರೆ ಯಾರೋ ಮಾಡಿದರು. ನೌಕರಿಗೆ ಜನ ಹುಡುಕಿ ಕೊಡುವ ಏಜೆನ್ಸಿಯ ಹೆಣ್ಣುದನಿ. "ಮಂಜುನಾಥ್ ಅವರಾ?"

ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಕ್ಷಮಿಸಬೇಕಾಗಿಲ್ಲ, ಅರ್ಥ ಮಾಡಿಕೊಂಡರೆ ಸಾಕು. ಅಂವ ಇಲ್ಲ ಎಂದು ಹೇಳುವುದಕ್ಕೆ ಬಾಯಿ ತೆರೆದೆ. "ಹೌದು, ಹೇಳಿ" ಎಂದು ಹೊರಟಿತು. ಹತ್ತನೆಯ ದಿನ ಕೊಟ್ಟ ಮಾತು ನಾಲಗೆಯ ತುದಿಯಲ್ಲಿ ಕಾವಲು ಕೂತಿತ್ತೋ ಏನೋ. ಅವಳು ಈಗಿನ ಸಂಬಳ ಕೇಳಿದಳು. ನಾನು ನಿಮ್ಮ ಬಜೆಟ್ ಎಷ್ಟು ಎಂದು ತಿರುಗಿಸಿ ಕೇಳಿದೆ. ಅವಳು ಸುಮ್ಮನಾದಳು, ನಾನೂ ಸುಮ್ಮನಾದೆ. ಮೌನದಲ್ಲಿ ಅವಳೇ ಸೋತು ಮೊತ್ತ ಹೇಳಿದಳು. ಸಾಲದು ಎಂದೆ. "ಒಂದು ವರ್ಷ ಏಳು ತಿಂಗಳ ಅನುಭವಕ್ಕೆ ಇದೇ ಹೆಚ್ಚು ಸರ್," ಎಂದು ಇಟ್ಟಳು.

ಅವಳು ಇಟ್ಟ ಮೇಲೆ ನನಗೆ ಬಡಿಯಿತು. ಅವನು ಮಾಡಿದ್ದು ಹನ್ನೊಂದು ತಿಂಗಳು. ಅದರ ಮೇಲಿನ ಎಂಟು ತಿಂಗಳು ಅವನು ಎಲ್ಲಿದ್ದ?

ಏಜೆನ್ಸಿಯವರ ಗಡಿಬಿಡಿ ಎಂದು ಸಮಾಧಾನ ಮಾಡಿಕೊಂಡೆ. ಮರುವರ್ಷ ಮತ್ತೊಂದು ಕಡೆಯಿಂದ ಫೋನು. "ಒಟ್ಟು ಎರಡೂವರೆ ವರ್ಷದ ಅನುಭವ ಆಯಿತಲ್ಲ, ಈಗಿನ ರತ್ನಾಗಿರಿಯ ಕೋಲ್ಡ್ ಸ್ಟೋರೇಜ್ ಯಾಕೆ ಬಿಡ್ತಾ ಇದ್ದೀರಿ?" ಎಂದು ಕೇಳಿದ ಆ ಮನುಷ್ಯ. ಎರಡು ಮಾತು ಮರಾಠಿಯಲ್ಲಿ ಆಡಿ, "ಮರಾಠಿ ಬರ್ತದೆ ಅಂತ ಬರೆದಿದ್ದೀರಿ," ಎಂದು ನಕ್ಕ. ನಮ್ಮ ಮಂಜುವಿಗೆ ಮರಾಠಿ ಬರುತ್ತಿರಲಿಲ್ಲ. ಅಂಗಡಿಯ ಹೊರಗೆ ರಸ್ತೆಯಲ್ಲಿ ಜನ ಮೀನು ಕೊಳ್ಳುತ್ತಿದ್ದರು, ಬಸ್ಸು ಹಾರ್ನು ಹಾಕುತ್ತಿತ್ತು, ಎಲ್ಲವೂ ಹಾಡುಹಗಲು. ನನ್ನ ಮುಂಗೈಯ ರೋಮ ಮಾತ್ರ ಒಂದೊಂದಾಗಿ ಎದ್ದು ನಿಂತಿತ್ತು. ಅವನು ಕೆಲಸ ಬದಲಿಸಿದ್ದಾನೆ. ಹೊಸ ಊರಿಗೆ ಹೋಗಿದ್ದಾನೆ. ಅಲ್ಲಿಯ ಭಾಷೆಯನ್ನೂ ಕಲಿತಿದ್ದಾನೆ.

ಇದನ್ನು ಕಡಿದು ಹಾಕುವುದಕ್ಕೆ ನನಗೆ ಗೊತ್ತಿದ್ದ ಉಪಾಯ ಒಂದೇ: ಯಾರೂ ಕೊಡಲಾರದ ಬೆಲೆ ಹೇಳುವುದು. ಹೇಳಿದೆ. ಅವನು "ಆಗಬಹುದು," ಎಂದ.

ನಲವತ್ತು ವರ್ಷದ ವ್ಯಾಪಾರದಲ್ಲಿ ಇಲ್ಲದ ಮಾಲನ್ನು ನಾನು ಮಾರಿದ್ದಿಲ್ಲ. ಆ ದಿನ ಮಾರಿಬಿಟ್ಟಿದ್ದೆ. ಬೆವರು ಒರೆಸಿಕೊಂಡು, "ನಿಮ್ಮ ಹತ್ರ ಇರುವ ನನ್ನ ರೆಸ್ಯೂಮೆ ಒಮ್ಮೆ ಕಳಿಸಿ, ತಿದ್ದಿಕೊಡ್ತೇನೆ," ಎಂದೆ. ಕಳಿಸಿದ. ಜೆರಾಕ್ಸ್ ಅಂಗಡಿಗೆ ಹೋಗಿ ತೆಗೆಸಿದೆ. ತಂದೆಯ ಹೆಸರು ಸರಿ, ಊರು ಸರಿ, ಫೋನು ಇದೇ. ಮೂಲೆಯಲ್ಲಿದ್ದ ಫೋಟೋ ಮಂಜುವಿನದೇ. ಆದರೆ ಅವನಿಗೆ ಕನ್ನಡಕ ಬಂದಿತ್ತು. ಕಿವಿಯ ಮೇಲೆ ಕೂದಲು ಒಂದಿಷ್ಟು ತೆಳ್ಳಗಾಗಿತ್ತು. ಭಾವನಿಗೂ ಇಪ್ಪತ್ತಾರಕ್ಕೇ ಕನ್ನಡಕ ಬಂದಿತ್ತು ಎಂಬುದು ನನಗೆ ಅಲ್ಲಿ, ಜೆರಾಕ್ಸ್ ಯಂತ್ರದ ಬಿಸಿ ತಾಗುತ್ತಿರುವಾಗ ನೆನಪಾಯಿತು.

ಮನೆಯವರಿಗಲ್ಲದೆ ಬೇರೆ ಯಾರಿಗೂ ಅದು ಗೊತ್ತಿರಲು ಸಾಧ್ಯವಿಲ್ಲ. ಆ ಮರಾಠಿ ಮಾತಾಡಿದವನ ನಂಬರನ್ನು ಬ್ಲಾಕ್ ಮಾಡಿ, ಮುಂದಿನ ಬಸ್ಸಿಗೆ ಧಾರೇಶ್ವರಕ್ಕೆ ಹೋದೆ.

ವೇಣಿ ಮನೆಯ ಜಗಲಿಯಲ್ಲಿ ಪಿ.ಯು.ಸಿ. ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಎಲೆಕ್ಟ್ರಿಕಲ್ ಪಾಸಾಗಿ ವರ್ಷ ಕಳೆದಿತ್ತು, ಒಳ್ಳೆಯ ಅಂಕ. ನಾನು ಎಷ್ಟು ಸಲ ಕೇಳಿದರೂ "ಮಾಡ್ತೆ ಮಾವ, ಮಾಡ್ತೆ" ಎನ್ನುತ್ತ ತನ್ನ ಹೆಸರಿನಲ್ಲಿ ಒಂದು ಅರ್ಜಿಯನ್ನೂ ಹಾಕಿರಲಿಲ್ಲ. ಮಕ್ಕಳೆಲ್ಲ ಹೋದ ಮೇಲೆ ಆ ಹಾಳೆಯನ್ನು ಅವಳ ಮುಂದಿಟ್ಟೆ. ಅವಳು ಬೆಚ್ಚಲಿಲ್ಲ.

"ಫೋನು ಬಂದಿತ್ತಾ? ಎಂತ ಹೇಳಿದ್ರು?"

"ಎಂತ ಹೇಳಿದ್ರು ಅಂತ ನನ್ನ ಕೇಳ್ತ್ಯಾ! ನಿಂಗೆ ತಲೆ ಸಮಾ ಅದೆಯನೇ? ಯಾರು ಬರ್ದದ್ದು ಇದು?"

"ನಾ ಬರ್ದೆ. ಆರು ತಿಂಗಳು ಮುಟ್ಟದೇ ಇದ್ರೆ ನೌಕರಿ ವೆಬ್‌ಸೈಟಲ್ಲಿ ಅವನ ಪ್ರೊಫೈಲ್ ಹಿಂದೆ ಬೀಳ್ತದೆ ಮಾವ. ಗ್ಯಾಪ್ ಅಂತ ತೋರಿಸ್ತದೆ. ಗ್ಯಾಪ್ ಇದ್ದವ್ರನ್ನ ಯಾರೂ ಕರಿಯೂದಿಲ್ಲ ಅಂತ ನೀನೇ ಹೇಳ್ಕೊಟ್ಟದ್ದಲ್ದಾ?"

ಹೌದು, ನಾನೇ ಹೇಳಿಕೊಟ್ಟದ್ದು. ಸ್ಟೂಲಿನ ಮೇಲೆ ಕೂತ ಪ್ರತಿಯೊಬ್ಬರಿಗೂ ಹೇಳಿದ ಸಲಹೆ: ಖಾಲಿ ಬಿಡಬೇಡಿ, ಹಾಳೆಯ ಮೇಲೆ ಖಾಲಿ ಜಾಗ ಕಂಡರೆ ಕಂಪನಿಯವರು ಅದರೊಳಗೆ ಇಣುಕುತ್ತಾರೆ. ಆ ಹುಡುಗಿ ಅಣ್ಣನ ಸಾವನ್ನು ಗ್ಯಾಪ್ ಎಂದು ಕಂಡು, ಅದನ್ನು ತಿಂಗಳು ತಿಂಗಳಿಗೆ ತುಂಬುತ್ತ ಬಂದಿದ್ದಳು. ಅದೂ ಬಾಯಿಗೆ ಬಂದದ್ದಲ್ಲ. ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಒಂದು ಸಾಲು ಬರೆಯುವ ಮೊದಲು ಆ ಕೆಲಸವನ್ನು ಪೂರ್ತಿ ಓದಿ ಕಲಿಯುತ್ತಿದ್ದಳು. ಅಮೋನಿಯಾ ಸೋರಿದರೆ ಯಾವ ವಾಲ್ವನ್ನು ಮೊದಲು ಕಟ್ಟಬೇಕು, ಕಂಡೆನ್ಸರಿಗೆ ಉಪ್ಪು ಹಿಡಿದರೆ ಕರೆಂಟು ಎಷ್ಟು ಹೆಚ್ಚು ಎಳೆಯುತ್ತದೆ, ಎಲ್ಲಕ್ಕೂ ಟಿಪ್ಪಣಿ. ಮರಾಠಿಯನ್ನು ಕೂಡ ತಾನು ಕಲಿತ ಮೇಲೆಯೇ ಅವನಿಗೆ ಬರುತ್ತದೆ ಎಂದು ಬರೆದಿದ್ದಳು. ಅಪ್ಪನ ಹಳೆಯ ಫೋಟೋ ನೋಡಿಕೊಂಡು ಅಣ್ಣನ ಫೋಟೋಗೆ ಲ್ಯಾಪ್‌ಟಾಪಿನಲ್ಲೇ ಕನ್ನಡಕ ತೊಡಿಸಿದ್ದಳು. ಸುಳ್ಳು ಬರೆಯಲು ಇಷ್ಟು ಪ್ರಾಮಾಣಿಕವಾಗಿ ದುಡಿದವರನ್ನು ನಾನು ಕಂಡಿಲ್ಲ.

"ಫೋನು ನೀ ಎತ್ತುತ್ತೆ ಅಂತ ಗೊತ್ತಿತ್ತು," ಎಂದಳು. "ಕಾಗೆ ಮುಂದೆ ಹೇಳಿದ್ದೆಯಲಾ."

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಅವಳು ಬರೆದಳು, ನಾನು ಮಾತನಾಡಿದೆ. ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಇಬ್ಬರೂ ಸೇರಿ, ಇಲ್ಲದ ಒಬ್ಬ ಮನುಷ್ಯನಿಗೆ ಕೈಯನ್ನೂ ಬಾಯಿಯನ್ನೂ ಕೊಟ್ಟಿದ್ದೆವು. ಅವನಿಗೆ ವಯಸ್ಸಾಗುತ್ತಿತ್ತು, ಅನುಭವ ಸೇರುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ಅವನು ಬೆಳೆದಷ್ಟೂ ಜಗಲಿಯ ಈ ಹುಡುಗಿ ಇದ್ದಲ್ಲೇ ನಿಂತಿದ್ದಳು. ಇಪ್ಪತ್ತಮೂರರ ವೇಣಿಯ ಹೆಸರಿನಲ್ಲಿ ಜಗತ್ತಿನ ಯಾವ ಕಡತದಲ್ಲೂ ಒಂದು ಹಾಳೆ ಇರಲಿಲ್ಲ. ಇಬ್ಬರಲ್ಲಿ ಸತ್ತವರು ಯಾರೆಂದು ಕಂಪನಿಯವರನ್ನು ಕೇಳಿದ್ದರೆ ಅವಳ ಕಡೆಗೇ ಬೆರಳು ತೋರಿಸುತ್ತಿದ್ದರು.

ನಾನು ಚೌಕಾಸಿಗಿಳಿದೆ. "ನಿಂದೂ ಒಂದು ಮಾಡು, ಅವಂದೂ ಇರ್ಲಿ," ಎಂದೆ. ಆಗುವುದಿಲ್ಲ ಎಂದಳು. "ಅವಂದನ್ನ ಇದ್ದಲ್ಲೇ ನಿಲ್ಸು, ಸೇರಿಸೂದು ಬೇಡ," ಎಂದೆ. "ಅಂವ ನಿಂತ್ರೆ ಹೋದ ಹಾಂಗೇ ಅಲ್ದಾ ಮಾವ," ಎಂದಳು. ಅಕ್ಕ ಒಳಗಿನಿಂದ ಚಾ ತಂದಿಟ್ಟು, ಏನೂ ಗೊತ್ತಿಲ್ಲದವಳ ಹಾಗೆ ನನ್ನ ಮುಖವನ್ನೂ ಮಗಳ ಮುಖವನ್ನೂ ನೋಡಿ, "ಎಂತ ಗುಟ್ಟು ನಿಮ್ಮದು? ಗಂಡು ಗಿಂಡು ಬಂದದೆಯಾ?" ಎಂದು ನಕ್ಕಳು. ನಾನು ಬರಿಗೈಯಲ್ಲಿ ಎದ್ದು ಬಂದೆ. ವ್ಯಾಪಾರದಲ್ಲಿ ಹಾಗೆ ಬಂದದ್ದು ಕಡಿಮೆ.

ಅಲ್ಲಿಂದ ಮುಂದೆ ಒಂದು ವರ್ಷಕ್ಕೂ ಮಿಕ್ಕಿ ಆ ಫೋನನ್ನು ಎತ್ತದಿರುವ ಪಾಠವನ್ನು ಕಲಿತೆ. ಬಹಳ ಕಷ್ಟದ ಪಾಠ. ಗಲ್ಲೆಯೊಳಗೆ ಅದು ಗುರುಗುಟ್ಟಿದರೆ ನಾಣ್ಯಗಳೆಲ್ಲ ಸಣ್ಣಗೆ ನಡುಗುತ್ತವೆ. ಮರದ ಪೆಟ್ಟಿಗೆಯೊಳಗೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ ಕೇಳುತ್ತದೆ. ಎದುರು ಸ್ಟೂಲಿನ ಮೇಲೆ ಕೂತ ಮಕ್ಕಳು "ಅಂಕಲ್, ಫೋನು" ಎನ್ನುತ್ತಿದ್ದರು. "ನಂಗಲ್ಲ ಅದು," ಎನ್ನುತ್ತಿದ್ದೆ. ಅವರಿಗೆ ಹೇಳುವ ಸಲಹೆಯೂ ಆ ವರ್ಷ ಕೆಟ್ಟಿತು. ಹಾಳೆ ತುಂಬಿಸಿ ಎನ್ನಲು ಹೋಗಿ ತಡೆದುಕೊಳ್ಳುತ್ತಿದ್ದೆ. ಖಾಲಿ ಇದ್ದರೆ ಖಾಲಿಯೇ ಇರಲಿ, ಯಾಕೆ ಎಂದು ಕೇಳಿದರೆ ಇದ್ದದ್ದನ್ನು ಹೇಳಿ ಎನ್ನುತ್ತಿದ್ದೆ. ಅಂಕಲ್ಲಿಗೆ ವಯಸ್ಸಾಯಿತು ಎಂದುಕೊಂಡರೇನೋ.

ಈ ಸಲ ಮಳೆ ಹಿಡಿಯುವ ಮೊದಲು, ಗಿರಾಕಿಯ ಫೋನೆಂದು ಕೈತಪ್ಪಿ ಅದನ್ನೇ ಎತ್ತಿದೆ. ಹೆಣ್ಣುದನಿ, ಹೊಸಬಳು. "ಮಂಜುನಾಥ್ ಅವರ ವಿಷಯ. ಮೂರು ವರ್ಷ ಹತ್ತು ತಿಂಗಳ ಅನುಭವ. ನೋಟಿಸ್ ಪೀರಿಯಡ್‌ನಲ್ಲಿದ್ದಾರೆ ಅಂತಿದೆ. ಈ ತಿಂಗಳ ಕೊನೆಗೆ ಬಿಟ್ಟು ಹೊರಡ್ತಾರೆ, ಅಲ್ವಾ?"

ನಾನು ಇಟ್ಟೆ. ಅಂಗಡಿಯ ಬಾಗಿಲೆಳೆದು ಧಾರೇಶ್ವರಕ್ಕೆ ಹೋದೆ.

ನಾನು ಹೇಳಿದ್ದನ್ನು ಕೇಳಿ ವೇಣಿಯ ಮುಖದ ಬಣ್ಣ ಇಳಿಯಿತು. "ನೋಟಿಸ್ ಪೀರಿಯಡ್ ಅಂತ ನಾ ಬರಿಯಲಿಲ್ಲ ಮಾವ."

"ಮರ್ತಿರ್ತೆ. ಮತ್ತೊಂದ್ಸಲ ಕಾಣು."

ಲ್ಯಾಪ್‌ಟಾಪ್ ತೆರೆದಳು. ಸಾಲು ಸಾಲಾಗಿ ನೋಡಿದೆವು. ಇರಲಿಲ್ಲ. ಕೆಲಸ ಬಿಡುತ್ತೇನೆ ಎಂಬ ಒಂದು ಪದ ಎಲ್ಲೂ ಇರಲಿಲ್ಲ.

ನಾನು ವ್ಯವಹಾರಸ್ಥ, ನನಗೆ ಕಾರಣ ಗೊತ್ತು. ಮಾಲು ಬೇಗ ಖಾಲಿಯಾಗಲಿ ಎಂದು ಮಧ್ಯವರ್ತಿಗಳು ಇಂಥದ್ದನ್ನು ತಾವೇ ಸೇರಿಸುತ್ತಾರೆ. ಮೂರು ತಿಂಗಳು ಕಾಯಿಸುವವನಿಗಿಂತ ನಾಳೆಯೇ ಬರುವವನಿಗೆ ಬೇಡಿಕೆ ಹೆಚ್ಚು. ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ. ಹೇಳುತ್ತಿರುವಾಗಲೇ ನನ್ನ ಮಾತು ನನಗೇ ಅಗ್ಗದ ಮಾಲಿನ ಹಾಗೆ ಕೇಳಿಸಿತು. ಅವಳು ನಾನು ಹೇಳಿದ್ದಕ್ಕೆ ಕಿವಿಗೊಟ್ಟಿರಲಿಲ್ಲ. ಪರದೆಯ ಮೇಲಿನ ಕನ್ನಡಕದ ಮುಖವನ್ನೇ ನೋಡುತ್ತಿದ್ದಳು. ಹೊರಗೆ ಮೋಡ ಕಟ್ಟಿ, ನಡುಹಗಲಿನಲ್ಲೇ ಜಗಲಿ ಮಬ್ಬಾಯಿತು.

"ಹೋಗ್ತೆ ಅಂತ ಅಂವನೇ ಹೇಳ್ದ ಮೇಲೆ," ಎಂದಳು, "ನಾ ಎಷ್ಟು ದಿನ ಹಿಡ್ಕಂಡು ಕೂರೂದು?"

ರೆಸ್ಯೂಮೆಯಲ್ಲಿ ಹೊಸ ಕೆಲಸ ಮೇಲೆ, ಹಳೆಯದು ಕೆಳಗೆ. ಅವಳು ಮೇಲಿನಿಂದ ಅಳಿಸುತ್ತ ಬಂದಳು. ಮೊದಲು ರತ್ನಾಗಿರಿ ಹೋಯಿತು. ಮರಾಠಿ ಹೋಯಿತು. ಫೋಟೋ ಬದಲಿಸಿದಳು, ಕನ್ನಡಕ ಹೋಗಿ, ಕಿವಿಯ ಮೇಲಿನ ಕೂದಲು ಮರಳಿ ಬಂತು. ತಿಂಗಳೊಂದನ್ನು ಅಳಿಸಿದಾಗ ಅವನು ಒಂದು ತಿಂಗಳು ಚಿಕ್ಕವನಾಗುತ್ತಿದ್ದ. ಅವನು ಬದುಕದೇ ಹೋದ ವರ್ಷಗಳನ್ನು ಹೀಗೆ ಹಿಂದಕ್ಕೆ ನಡೆಸಿಕೊಂಡು ಬಂದು, ಭಟ್ಕಳದ ಐಸ್ ಫ್ಯಾಕ್ಟರಿಯ ಹನ್ನೊಂದು ತಿಂಗಳಿಗೆ ತಂದು ನಿಲ್ಲಿಸಿದಳು. ಒಂದು ಸಲವೂ ಅಳಲಿಲ್ಲ. ಪರೀಕ್ಷೆಯ ಪೇಪರು ತಿದ್ದುವವಳ ಹಾಗೆ ತುಟಿ ಕಚ್ಚಿಕೊಂಡಿದ್ದಳು.

"ಇಷ್ಟು ನಿಜ," ಎಂದಳು. ಆ ಹನ್ನೊಂದು ತಿಂಗಳನ್ನು ಹಾಗೆಯೇ ಉಳಿಸಿ, ಪ್ರೊಫೈಲನ್ನು ಮುಚ್ಚಿದಳು. ಆಮೇಲೆ ಹೊಸದೊಂದು ತೆರೆದು ಮೇಲುಗಡೆ ತನ್ನ ಹೆಸರು ಬರೆದಳು. ಅನುಭವ ಎಂಬಲ್ಲಿ ಸೊನ್ನೆ ಹಾಕಿದಳು. ತಡೆಯಲಾರದೆ, "ಟ್ಯೂಷನ್ ಹೇಳಿದ್ದಾರೂ ಹಾಕೇ, ಅಷ್ಟು ಖಾಲಿ ಬಿಟ್ರೆ..." ಎಂದೆ. ಅವಳು ನನ್ನ ಕಡೆ ನೋಡಿದ ರೀತಿಗೆ ಉಳಿದ ಮಾತನ್ನು ನುಂಗಿಕೊಂಡೆ.

ಅರ್ಜಿ ಹಾಕಿದ್ದು ಎಲ್ಲಿಗೆ ಗೊತ್ತೇ? ಮಂಜು ಇದ್ದ ಅದೇ ಐಸ್ ಫ್ಯಾಕ್ಟರಿಗೆ. ಮಾಲೀಕರಾದ ಭಟ್ಕಳದ ಸಾಹೇಬರು ನನ್ನ ಹಳೆಯ ಗಿರಾಕಿ, ವಾಲ್ವಿನ ರೇಟಿಗೆ ನನ್ನ ಜೊತೆ ಅರ್ಧ ದಿನ ಜಗಳವಾಡಿ ಕೊನೆಗೆ ಊಟ ಹಾಕಿಸಿ ಕಳಿಸುವ ಮನುಷ್ಯ. ನನ್ನ ಸೋದರಸೊಸೆ ಎಂದು ಅವರಿಗೆ ಹೇಳಕೂಡದು ಎಂಬ ಷರತ್ತಿನ ಮೇಲೆ ವೇಣಿ ನನ್ನನ್ನು ಜೊತೆಗೆ ಕರೆದುಕೊಂಡು ಹೋದಳು. ಹೇಳದಿದ್ದರೇನು, ಮೂಗು ಕಂಡರೆ ಗೊತ್ತಾಗುವುದಿಲ್ಲವೇ? ಮಂಜುವಿನದೇ ಮೂಗು.

ಯಂತ್ರದ ಕೋಣೆಯ ಬಾಗಿಲಲ್ಲೇ ಇಂಟರ್‌ವ್ಯೂ. ಒಳಗಿನಿಂದ ತಣ್ಣನೆಯ ಬಿಳಿ ಹೊಗೆ ನೆಲದ ಮೇಲೆ ಹರಿದು ಬಂದು ನಮ್ಮ ಕಾಲುಗಳನ್ನು ಮುಚ್ಚುತ್ತಿತ್ತು. ಕಂಪ್ರೆಸರ್ ಒಂದೇ ಸಮನೆ ಉಸಿರಾಡುತ್ತಿತ್ತು. ಸಾಹೇಬರು ಒಂದೊಂದೇ ಕೇಳುತ್ತ ಹೋದರು, ಅವಳು ಹೇಳುತ್ತ ಹೋದಳು. ಕೇಳದೇ ಇದ್ದದ್ದನ್ನೂ ಹೇಳಿದಳು: "ಎರಡನೇ ಕಂಪ್ರೆಸರಿನ ಸಕ್ಷನ್ ವಾಲ್ವು ಆಷಾಢದಲ್ಲಿ ಕಚ್ಚಿಕೊಳ್ತದೆ ಸರ್. ಎಡಕ್ಕೆ ಕಾಲು ಸುತ್ತು ತಿರುಗಿಸಿ ಆಮೇಲೆ ಬಲಕ್ಕೆ ತರಬೇಕು."

ಸಾಹೇಬರು ಗಡ್ಡದ ಮೇಲಿಟ್ಟ ಕೈಯನ್ನು ಅಲ್ಲೇ ನಿಲ್ಲಿಸಿದರು. ಯಂತ್ರದ ಹತ್ತಿರ ಎಣ್ಣೆ ಹಾಕುತ್ತಿದ್ದ ಹಳೆಯ ಆಪರೇಟರು ತಲೆಯೆತ್ತಿ ನೋಡಿದ.

"ಅರೇ, ಈ ಮಿಷನ್ ನೀ ಮುಟ್ಟಿದ್ದು ಯಾವಾಗಮ್ಮಾ? ಅನುಭವ ಸೊನ್ನೆ ಅಂತ ಬರ್ದದೆ."

"ಮುಟ್ಟಲಿಲ್ಲ ಸರ್. ಇಲ್ಲಿ ಕೆಲಸಕ್ಕಿದ್ದ ಅಣ್ಣ ಹೇಳಿದ್ದ." ಒಂದು ಕ್ಷಣ ತಡೆದಳು. ನಾನು ಕಲಿಸಿದ ತಡೆಯಲ್ಲ ಅದು. "ಮಂಜುನಾಥ. ಅಂವ ತೀರಿಕೊಂಡು ಮೂರು ವರ್ಷ ಆತು."

ಹತ್ತನೆಯ ದಿನದಿಂದ ಇಲ್ಲಿಯವರೆಗೆ ನಮ್ಮಿಬ್ಬರಲ್ಲಿ ಯಾರೂ ಆ ಮಾತನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಸಾಹೇಬರು ಏನೋ ಪ್ರಾರ್ಥನೆಯ ಮಾತನ್ನು ತುಟಿಯಲ್ಲೇ ಹೇಳಿಕೊಂಡರು. ಆಮೇಲೆ ಅಭ್ಯಾಸದಂತೆ ನನ್ನ ಕಡೆಗೆ ತಿರುಗಿ, ಸಂಬಳದ ಮಾತು ನನ್ನ ಜೊತೆ ಎಂಬಂತೆ ಹುಬ್ಬು ಏರಿಸಿದರು.

"ನನ್ನ ಹತ್ರವೇ ಮಾತಾಡಿ ಸರ್," ಎಂದಳು ವೇಣಿ.

ಸಾಹೇಬರು ಕಡಿಮೆ ಹೇಳಿದರು. ಬಹಳ ಕಡಿಮೆ. ನನ್ನ ನಾಲಗೆ ಹಲ್ಲಿನ ಹಿಂದೆ ಒದ್ದಾಡಿತು. ಅದನ್ನು ಅಲ್ಲೇ ಅದುಮಿ ಹಿಡಿದೆ. ವೇಣಿ ಸ್ವಲ್ಪ ಯೋಚಿಸಿ, "ಆರು ತಿಂಗಳು ಕಂಡು ಮತ್ತೆ ಮಾತಾಡುವ, ಆಗ್ದಾ ಸರ್?" ಎಂದಳು.

"ಆತು. ಸೋಮವಾರದಿಂದ ಬಾ," ಎಂದರು ಸಾಹೇಬರು.

ಅವಳು ಒಳಗಿನ ಯಂತ್ರವನ್ನು ಹತ್ತಿರದಿಂದ ನೋಡುತ್ತೇನೆ ಎಂದು ಆ ಬಿಳಿ ಹೊಗೆಯೊಳಗೆ ಹೋದಳು. ಮೊಣಕಾಲಿನವರೆಗೆ ಮುಚ್ಚಿತು, ಆಮೇಲೆ ಸೊಂಟದವರೆಗೆ. ಆಪರೇಟರು ಸರಿದು ಜಾಗ ಬಿಟ್ಟ. ಒಬ್ಬಳಿಗೆ ಬೇಕಾದ್ದಕ್ಕಿಂತ ಒಂದು ಹೆಜ್ಜೆ ಹೆಚ್ಚೇ, ಇಬ್ಬರು ಹೋಗುವಷ್ಟು, ಸರಿದ ಎಂದು ನನಗನಿಸಿತು. ನಾನು ಕೊಟ್ಟ ಮಾತು ಇದರಿಂದ ತೀರಿತೇ, ಸೋಮವಾರದಿಂದ ಬಾ ಎಂದದ್ದನ್ನು ಕೇಳಿಸಿಕೊಂಡವರು ಎಷ್ಟು ಜನ, ನನಗೆ ಗೊತ್ತಿಲ್ಲ. ಎದುರಿನವರು ಒಪ್ಪಿದ ಮೇಲೆ ಮತ್ತೆ ಕೆದಕಬಾರದು ಎಂದು ನಿಮಗೆ ಹೇಳುವವನು ನಾನು. ಬಾಗಿಲ ಹೊರಗೇ ನಿಂತು ಅವಳಿಗಾಗಿ ಕಾದೆ.